ಸಿಮ್ ಸ್ಲಾಟ್ ಇದೆ ಅಂತ ಲ್ಯಾಪ್‌ಟಾಪ್ ತಗೊಂಡು ಕೈ ಸುಟ್ಟುಕೊಂಡೆ

ಸೆಕೆಂಡ್‌ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್ ತಗೊಂಡು, ಅದರೊಳಗಿನ 4ಜಿ ಮೋಡೆಮ್‌ಗೆ ಸಿಮ್ ಹಾಕಿ, ಲಿನಕ್ಸ್‌ನಲ್ಲಿ ಹಾಯಾಗಿ ನೆಟ್ ಬಳಸೋಣ ಅಂತ ಯಾರಾದರೂ ಲೆಕ್ಕ ಹಾಕುತ್ತಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿಬಿಡಿ. ನಾನು ಕಳಕೊಂಡದ್ದು ಐದು ವೀಕೆಂಡ್. ಲ್ಯಾಪ್‌ಟಾಪ್ ಬೆಲೆ ಬಿಟ್ಟು ಮೇಲೆ 6,400 ರೂಪಾಯಿ.

ನಮ್ಮ ಮನೆ ಇರೋದು ಸಿದ್ದಾಪುರದ ಹತ್ತಿರ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ಅಲ್ಲಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ಸಿಗ್ನಲ್ ಸಿಗುವುದು ಅಟ್ಟದ ಕಿಟಕಿ ಪಕ್ಕ ಮಾತ್ರ. ಅಡಿಕೆ ಮೂಟೆಗಳ ನಡುವೆ ಒಂದು ಹಳೇ ಮೇಜು, ಅದೇ ನನ್ನ ಆಫೀಸು. ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಹಾಟ್‌ಸ್ಪಾಟ್ ಹಾಕಿದ ಫೋನು ಬಿಸಿಯಾಗಿ ಮಧ್ಯಾಹ್ನದೊಳಗೆ ಮಲಗಿಬಿಡುತ್ತದೆ. ಲ್ಯಾಪ್‌ಟಾಪ್ ಒಳಗೇ ಮೋಡೆಮ್ ಇದ್ದರೆ ಈ ರಗಳೆಯೇ ಇರಲ್ಲ ಅಲ್ವಾ ಅಂತ ಅನ್ನಿಸಿತು.

ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ 2018ರ ಒಂದು ಮಾದರಿ ಸಿಕ್ಕಿತು. 22,500 ರೂಪಾಯಿ. ಅಂಗಡಿಯವರು ಪಕ್ಕದ ಸಿಮ್ ಟ್ರೇ ಎಳೆದು ತೋರಿಸಿ, "ಸಿಮ್ ಹಾಕಿದ್ರೆ ಆಯ್ತು ಸಾರ್, ಏನೂ ಮಾಡೋದು ಬೇಡ" ಅಂದರು. ನನ್ನ ಸಿಮ್ಮನ್ನೇ ಹಾಕಿ ನೋಡಿದೆವು. ವಿಂಡೋಸ್‌ನಲ್ಲಿ ಕೆಳಗೆ ಎರಡು ಕಡ್ಡಿ ಬಂತು, ಒಂದು ಪೇಜೂ ತೆರೆಯಿತು. ನಾನು ಖುಷಿಯಾಗಿ ದುಡ್ಡು ಕೊಟ್ಟೆ. ಮನೆಗೆ ಬಂದವನೇ ವಿಂಡೋಸ್ ಪೂರ್ತಿ ಅಳಿಸಿ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದೆ. ವಿಂಡೋಸ್ ಅಳಿಸಿದ್ದೇ ಮೊದಲನೇ ತಪ್ಪು. ಮೋಡೆಮ್‌ಗೆ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ಹಾಕಬೇಕೆಂದರೂ, ಆಂಟೆನಾ ಸರಿ ಇದೆಯಾ ನೋಡಬೇಕೆಂದರೂ ವಿಂಡೋಸ್ ಬೇಕಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಒಂದು ವಾರವಾದರೂ ಅದನ್ನು ಹಾಗೇ ಬಿಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ಈ ಮೋಡೆಮ್‌ಗಳನ್ನು ನೋಡಿಕೊಳ್ಳೋದು ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶ. ಅದರ ಕಮಾಂಡು ಎಂಎಂಸಿಎಲ್‌ಐ. ಹೊಡೆದೆ. "ನೋ ಮೋಡೆಮ್ಸ್ ವರ್ ಫೌಂಡ್" ಅಂತು. ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ ಹೊಡೆದರೆ ಕ್ಯಾಮೆರಾ, ಬೆರಳಚ್ಚು ಓದುವ ಚಿಪ್ಪು, ಬ್ಲೂಟೂತ್ ಎಲ್ಲ ಇವೆ, ಮೋಡೆಮ್ ಇಲ್ಲ. ಪಿಸಿಐಇ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐನಲ್ಲಿ ಮಾತ್ರ ಒಂದು ಸಾಲು ಇತ್ತು, ಕೊನೆಯಲ್ಲಿ 8086:7360 ಅಂತ. ಈ ಒಂದು ಸಂಖ್ಯೆಯನ್ನು ಅಂಗಡಿಯಲ್ಲೇ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅದೇನು ಅಂತ ಹೇಳುತ್ತೇನೆ. ಲ್ಯಾಪ್‌ಟಾಪ್ ಒಳಗಿನ ಮೋಡೆಮ್ ಒಂದು ಪುಟ್ಟ ಎಂ.2 ಕಾರ್ಡು, 30 ಮಿಲಿಮೀಟರ್ ಅಗಲ, 42 ಮಿಲಿಮೀಟರ್ ಉದ್ದ. ಅದು ಲ್ಯಾಪ್‌ಟಾಪ್ ಜೊತೆ ಮಾತಾಡೋಕೆ ಎರಡು ದಾರಿ ಇವೆ. ಒಂದು ಯುಎಸ್‌ಬಿ, ಇನ್ನೊಂದು ಪಿಸಿಐಇ. ಯುಎಸ್‌ಬಿ ದಾರಿಯಲ್ಲಿ ಬಂದರೆ ಎಂಬಿಐಎಂ ಎಂಬ ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಮಾತಾಡುತ್ತದೆ, ಲಿನಕ್ಸ್ ಅದನ್ನು ಎಷ್ಟೋ ವರ್ಷದಿಂದ ಬಲ್ಲದು. ಪಿಸಿಐಇ ದಾರಿಯಲ್ಲಿ ಬಂದರೆ ಆಯಾ ಚಿಪ್ಪಿಗೇ ಬೇರೆ ಡ್ರೈವರ್ ಬೇಕು. ನನ್ನದು ಎಲ್850-ಜಿಎಲ್ ಎಂಬ ಕಾರ್ಡು, ಒಳಗಿನ ಚಿಪ್ಪು 7360. 2021ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.14 ಆವೃತ್ತಿ ಬಂದಾಗ ಐಒಎಸ್‌ಎಂ ಅನ್ನೋ ಡ್ರೈವರ್ ಸೇರಿತು. ಆದರೆ ಅದು ಇದರ ಮುಂದಿನ ತಲೆಮಾರಿನ 7560ಕ್ಕೆ. ತಮ್ಮನಿಗೆ ಹೊಲಿಸಿದ ಅಂಗಿ ಅಣ್ಣನಿಗೆ ಆಗಲಿಲ್ಲ. 2022ರಲ್ಲಿ 5.18 ಕರ್ನಲ್ ಬಂದಾಗ 7360ನ್ನೂ ಅದಕ್ಕೆ ಸೇರಿಸಿದರು, ಆದರೂ ನನ್ನ ಡೆಬಿಯನ್‌ನಲ್ಲಿ ಮೋಡೆಮ್‌ಮ್ಯಾನೇಜರ್‌ಗೆ ಅದು ಕಾಣಲೇ ಇಲ್ಲ.

ಪುಣ್ಯಾತ್ಮರು ಕೆಲವರು ಸ್ವಂತ ಆಸಕ್ತಿಯಿಂದ ಈ ಚಿಪ್ಪಿಗೆ ಒಂದು ಡ್ರೈವರ್ ಬರೆದಿಟ್ಟಿದ್ದಾರೆ. ಅದನ್ನು ಇಳಿಸಿ, ಕಂಪೈಲ್ ಮಾಡಿ (ನಮ್ಮ ಕರ್ನಲ್‌ಗೆ ಹೊಂದುವಂತೆ ಕಟ್ಟಿ), ಜೊತೆಗಿರುವ ಪೈಥಾನ್ ಸ್ಕ್ರಿಪ್ಟ್ ಓಡಿಸಬೇಕು. ಸೆಕ್ಯೂರ್ ಬೂಟ್ ಎಂಬ ಸುರಕ್ಷತೆಯ ವ್ಯವಸ್ಥೆ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು (ಹೀಗೆ ಕಟ್ಟಿದ ಡ್ರೈವರನ್ನು) ಕರ್ನಲ್ ಒಳಗೇ ಬಿಡಲ್ಲ, ಅದಕ್ಕೊಂದು ಕೀ ಮಾಡಿ ಸೇರಿಸಬೇಕು. ಎರಡನೇ ಭಾನುವಾರ ರಾತ್ರಿ ಹನ್ನೊಂದೂವರೆಗೆ ಮೊದಲ ಪಿಂಗ್ ಹೋಯಿತು, ಅಂದರೆ ನೆಟ್ ಬಂತು. ಅಟ್ಟದ ಮೇಲೆ ಒಬ್ಬನೇ ಕುಣಿದೆ ಅಂದರೂ ಸುಳ್ಳಲ್ಲ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ತೆರೆದರೆ ಮೋಡೆಮ್ ಸತ್ತಿತ್ತು. ಒಮ್ಮೆ ನಿದ್ದೆಗೆ ಹೋದರೆ ಅದು ಮತ್ತೆ ಏಳುವುದಿಲ್ಲ. ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು.

ಸರಿ, ಅದಕ್ಕೂ ಹೊಂದಿಕೊಂಡೆ. ಮುಚ್ಚಳ ಮುಚ್ಚುವುದನ್ನೇ ಬಿಟ್ಟೆ. ಹತ್ತು ದಿನ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂತು, ಹಳೇ ಮಾಡ್ಯೂಲ್ ಅದಕ್ಕೆ ಕೂರಲಿಲ್ಲ. ಮೀಟಿಂಗಿಗೆ ಇನ್ನು ಆರು ನಿಮಿಷ ಇತ್ತು. ಕರ್ನಲ್ ಬದಲಾದಾಗ ಮಾಡ್ಯೂಲನ್ನು ತಾನೇ ಮತ್ತೆ ಕಟ್ಟಿಕೊಡುವ ಡಿಕೆಎಂಎಸ್ ಅಂತ ಒಂದಿದೆ. ನಾನು ಸೋಮಾರಿತನದಿಂದ ಅದನ್ನು ಹಾಕಿರಲಿಲ್ಲ. ಇದು ಪೂರ್ತಿ ನನ್ನದೇ ತಪ್ಪು. ಆದರೆ ಮಾಡ್ಯೂಲ್ ಮತ್ತೆ ಕಟ್ಟಲು ಬೇಕಾದ ಹೆಡರ್ ಫೈಲುಗಳನ್ನು ಇಳಿಸೋಕೆ ನೆಟ್ ಬೇಕು, ನೆಟ್ ಬರೋಕೆ ಮಾಡ್ಯೂಲ್ ಬೇಕು. ಕೊನೆಗೆ ಫೋನ್ ಹಾಟ್‌ಸ್ಪಾಟೇ ಗತಿಯಾಯಿತು.

ಅಪ್ಪಯ್ಯ ಅಷ್ಟರಲ್ಲಿ ಚಹಾ ತಂದವರು ಒಂದು ಕ್ಷಣ ನೋಡಿ, "ಮತ್ತೆ ಆ ಫೋನನ್ನೇ ಕಟ್ಕೊಂಡು ಕೂರೋದಾದ್ರೆ ಈ ಲ್ಯಾಪ್‌ಟಾಪ್ ಯಾಕೆ ತಂದ್ಯೋ?" ಅಂದರು. ಉತ್ತರ ಇರಲಿಲ್ಲ.

ಹಾಗಾದರೆ ಯುಎಸ್‌ಬಿ ದಾರಿಯ ಬೇರೆ ಮೋಡೆಮ್ಮೇ ಹಾಕಿಬಿಡೋಣ ಅಂತ ಆನ್‌ಲೈನ್‌ನಲ್ಲಿ 3,800 ರೂಪಾಯಿಗೆ ಒಂದು ತರಿಸಿದೆ. ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ ಅಂತ ಎಲ್ಲರೂ ಹೊಗಳುವ ಕಾರ್ಡು. ಹಿಂದಿನ ಮುಚ್ಚಳ ಬಿಚ್ಚಿ, ಹಳೆಯದು ತೆಗೆದು ಹೊಸದು ಕೂರಿಸಿ ಪವರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಎರಡು ಸಾಲು: 1802, ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಿದ್ದೀರಿ, ಆಫ್ ಮಾಡಿ ಅದನ್ನು ತೆಗೆಯಿರಿ. ಲಿನಕ್ಸ್ ದೂರದ ಮಾತು, ಲ್ಯಾಪ್‌ಟಾಪ್ ಬೂಟೇ ಆಗಲ್ಲ ಅಂತಿದೆ! ಕೆಲವು ಕಂಪನಿಗಳು ಲ್ಯಾಪ್‌ಟಾಪನ್ನು ಶುರು ಮಾಡುವ ಬಯೋಸ್ ಒಳಗೆ ಒಪ್ಪಿಗೆಯಾದ ಮೋಡೆಮ್‌ಗಳ ಪಟ್ಟಿ ಇಟ್ಟಿರುತ್ತವೆ. ಪಟ್ಟಿಯಲ್ಲಿ ಇಲ್ಲದ ಕಾರ್ಡು ಕಂಡರೆ ಬಾಗಿಲಲ್ಲೇ ತಡೆಯುತ್ತವೆ. ದುಡ್ಡು ಕೊಟ್ಟು ತಂದ ನನ್ನ ಯಂತ್ರಕ್ಕೆ ನಾನು ಯಾವ ಕಾರ್ಡು ಹಾಕಬೇಕು ಅಂತ ಅವರು ಹೇಳೋದು ಅತಿಯಾಯಿತು ಅಂತ ನನಗೆ ಈಗಲೂ ಸಿಟ್ಟಿದೆ. ಮಾರಿದವರು, ಪೊಟ್ಟಣ ಒಡೆದಾಗಿದೆ, ವಾಪಸ್ ಇಲ್ಲ ಅಂದರು.

ಮೂರನೆಯದನ್ನು ಪಟ್ಟಿ ನೋಡಿಯೇ ತಗೊಂಡೆ. ಇದೇ ಮಾದರಿಯ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದದ್ದು, 2,600 ರೂಪಾಯಿ. ಅದರ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನನಗೆ ಸರಿಹೋದದ್ದು ನಿಮ್ಮ ಲ್ಯಾಪ್‌ಟಾಪಿಗೆ ಸರಿಹೋಗಬೇಕು ಅಂತ ಇಲ್ಲ. ನಿಮ್ಮ ಮಾದರಿಯ ರಿಪೇರಿ ಕೈಪಿಡಿಯಲ್ಲೋ ಬಿಡಿಭಾಗಗಳ ಪಟ್ಟಿಯಲ್ಲೋ ಯಾವ ಕಾರ್ಡುಗಳ ಹೆಸರಿದೆ ನೋಡಿ, ಅದರಲ್ಲೇ ಆರಿಸಿ.

ಈ ಸಲ ಬೂಟ್ ಆಯಿತು. ಎಂಎಂಸಿಎಲ್‌ಐ ಮೋಡೆಮ್ ತೋರಿಸಿತು. ಸಿಮ್ ಕೂಡ ಕಂಡಿತು. ಆದರೆ ಪವರ್ ಸ್ಟೇಟ್ ಅನ್ನುವ ಕಡೆ "ಲೋ" ಅಂತ ಇದೆ. ಎನೇಬಲ್ ಮಾಡಲು ಹೋದರೆ "ಇನ್‌ವ್ಯಾಲಿಡ್ ಟ್ರಾನ್ಸಿಷನ್" ಅನ್ನೋ ದೋಷ. ಈ ಎರಡು ಒಟ್ಟಿಗೆ ಕಂಡರೆ ಮೋಡೆಮ್ ಕೆಟ್ಟಿದೆ ಅಂದುಕೊಂಡು ಎಸೆಯಬೇಡಿ. ಅದು ಎಫ್‌ಸಿಸಿ ಬೀಗ.

ಎಫ್‌ಸಿಸಿ ಅಂದರೆ ಅಮೆರಿಕದ ಸಂಪರ್ಕ ಆಯೋಗ. ರೇಡಿಯೋ ಅಲೆ ಸೂಸುವ ಯಾವುದೇ ಸಾಮಾನಿಗೆ ಅಲ್ಲಿ ಇವರ ಒಪ್ಪಿಗೆ ಬೇಕು. ಮೋಡೆಮ್ಮು, ಲ್ಯಾಪ್‌ಟಾಪು, ಆಂಟೆನಾ ಮೂರೂ ಸೇರಿದ ಜೋಡಣೆಗೆ ಒಪ್ಪಿಗೆ ಸಿಕ್ಕಿರುತ್ತದೆ. ಹಾಗಾಗಿ ತಮ್ಮದೇ ಲ್ಯಾಪ್‌ಟಾಪ್ ಅಂತ ಖಾತ್ರಿಪಡಿಸುವ ಒಂದು ಗುಟ್ಟಿನ ಆಜ್ಞೆ ಬರುವವರೆಗೂ ಮೋಡೆಮ್ ತನ್ನ ರೇಡಿಯೋ ತೆರೆಯದ ಹಾಗೆ ಕಂಪನಿಗಳು ಮಾಡಿಡುತ್ತವೆ. ವಿಂಡೋಸ್‌ನಲ್ಲಿ ಡ್ರೈವರೇ ಅದನ್ನು ಕಳಿಸುತ್ತದೆ, ನಮಗೆ ಗೊತ್ತೂ ಆಗಲ್ಲ. ಲಿನಕ್ಸ್‌ನಲ್ಲಿ ಮೊದಲು ಮೋಡೆಮ್‌ಮ್ಯಾನೇಜರ್ ಕೆಲವು ಕಾರ್ಡುಗಳಿಗೆ ತಾನೇ ಕಳಿಸುತ್ತಿತ್ತು. 1.18.4 ಆವೃತ್ತಿಯಿಂದ ಅದನ್ನು ನಿಲ್ಲಿಸಿ, ಬೇಕಾದವರು ತಾವೇ ತೆರೆದುಕೊಳ್ಳಿ ಅಂದಿತು. ಅಮೆರಿಕದ ಬೀಗ, ಸಿದ್ದಾಪುರದ ಅಟ್ಟದಲ್ಲಿ.

ತೆರೆಯುವುದು ಕಷ್ಟವೇನಲ್ಲ. ಮೋಡೆಮ್‌ಮ್ಯಾನೇಜರ್ ಜೊತೆಗೇ ಬೀಗ ತೆರೆಯುವ ಸ್ಕ್ರಿಪ್ಟುಗಳು ಬಂದಿರುತ್ತವೆ. ಯುಎಸ್‌ಆರ್ ಒಳಗಿನ ಶೇರ್ ಫೋಲ್ಡರಿನಲ್ಲಿ ಮೋಡೆಮ್‌ಮ್ಯಾನೇಜರ್ ಅಂತ ಇದೆ, ಅದರೊಳಗೆ "ಎಫ್‌ಸಿಸಿ ಅನ್‌ಲಾಕ್ ಅವೈಲಬಲ್" ಅಂತ ಹೆಸರಿರುವ ಫೋಲ್ಡರ್ ನೋಡಿ. ಪ್ರತಿ ಸ್ಕ್ರಿಪ್ಟಿನ ಹೆಸರೂ ಮೋಡೆಮ್ಮಿನ ಗುರುತಿನ ಸಂಖ್ಯೆಯೇ. ನಿಮ್ಮದರ ಸಂಖ್ಯೆ ಅಲ್ಲಿದ್ದರೆ ಅದಕ್ಕೆ ಇಟಿಸಿ ಒಳಗಿನ ಎಫ್‌ಸಿಸಿ ಅನ್‌ಲಾಕ್ ಫೋಲ್ಡರಿನಿಂದ ಒಂದು ಲಿಂಕ್ ಕೊಟ್ಟು, ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ನನ್ನದು ಇತ್ತು. ಇದನ್ನು ಕಂಡುಹಿಡಿಯೋಕೆ ಒಂದು ಇಡೀ ವೀಕೆಂಡ್ ಹೋಯಿತು, ಮಾಡೋಕೆ ಎರಡು ನಿಮಿಷ.

ಅಷ್ಟಾದರೂ ಸಿಗ್ನಲ್ ನೂರಕ್ಕೆ ಹನ್ನೆರಡು. ಅದೇ ಕಿಟಕಿಯಲ್ಲಿ ಫೋನಿಗೆ ಮೂರು ಕಡ್ಡಿ. ಮತ್ತೆ ಹಿಂದಿನ ಮುಚ್ಚಳ ಬಿಚ್ಚಿದೆ. ಕಾರ್ಡಿಗೆ ಎರಡು ಆಂಟೆನಾ ವೈರು ಬರಬೇಕು, ನನ್ನದರಲ್ಲಿ ಒಂದು ಕೆಂಪು, ಒಂದು ನೀಲಿ. ತುದಿಯ ಪಿನ್ನು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಹಳೇ ಕಾರ್ಡಿನಲ್ಲೇ ಒಂದೇ ವೈರು ಇತ್ತು, ನಾನು ಅದನ್ನೇ ನೋಡಿ ಹೊಸದಕ್ಕೂ ಒಂದನ್ನೇ ಹಾಕಿದ್ದೆ. ಟಾರ್ಚ್ ಹಿಡಿದು ಹುಡುಕಿದರೆ ಕೆಂಪು ವೈರು ಬ್ಯಾಟರಿ ಪಕ್ಕ ಕಪ್ಪು ಟೇಪಿನ ಕೆಳಗೆ ಮಡಚಿ ಅಂಟಿಸಿತ್ತು. ಮುಖ್ಯ ಆಂಟೆನಾ ಅದೇ! ಅಂಗಡಿಯಲ್ಲಿ ಬಂದ ಎರಡು ಕಡ್ಡಿ ನಗರದ ಟವರಿನ ಕೃಪೆ. ಟೇಪ್ ಬಿಚ್ಚಿ, ಪಿನ್ನನ್ನು ನೇರ ಇಟ್ಟು ಉಗುರಿನಿಂದ ಒತ್ತಿದೆ. ಟಿಕ್ ಅಂತ ಸಣ್ಣ ಸದ್ದು ಬಂತು. ಸಿಗ್ನಲ್ ಐವತ್ತು ದಾಟಿತು. ಆ ಟಿಕ್ ಸದ್ದು ಬರದಿದ್ದರೆ ಒತ್ತಡ ಹಾಕಬೇಡಿ, ಪಿನ್ನು ಚಪ್ಪಟೆಯಾದರೆ ಆಂಟೆನಾ ವೈರೇ ಬದಲಿಸಬೇಕು, ಅದಕ್ಕೆ ಪರದೆ ಬಿಚ್ಚಬೇಕು. ಮೋಡೆಮ್ ಇಲ್ಲದೆ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಈ ವೈರುಗಳೇ ಇರದಿರಬಹುದು. ಸಿಮ್ ಟ್ರೇ ಮಾತ್ರ ಸುಮ್ನೆ ತೋರಿಕೆಗೆ ಇರುತ್ತದೆ.

ಬ್ಯಾಂಡ್ (4ಜಿ ಸಿಗ್ನಲ್ ಬರುವ ಫ್ರೀಕ್ವೆನ್ಸಿಗಳ ಗುಂಪು) ವಿಷಯವನ್ನೂ ಹೇಳಿಬಿಡುತ್ತೇನೆ. ಹೊರದೇಶದಿಂದ ಬಂದ ಕಾರ್ಡುಗಳಲ್ಲಿ ನಮ್ಮಲ್ಲಿ ಜಾಸ್ತಿ ಬಳಸುವ ಬ್ಯಾಂಡ್ 40, ಅಂದರೆ 2300 ಮೆಗಾಹರ್ಟ್ಸ್, ಇರದೇ ಇರಬಹುದು. ಅಗ್ಗಕ್ಕೆ ಸಿಗುವ ಇಎಂ7455 ಎಂಬ ಕಾರ್ಡು ಅಂಥದ್ದೇ, ಅದರಲ್ಲಿ 4ಜಿಯ ಬ್ಯಾಂಡ್ 8 ಕೂಡ ಇಲ್ಲ. ಮರಗಿಡ, ಗುಡ್ಡ ಇರುವ ಕಡೆ ನಿಮ್ಮನ್ನು ಕಾಪಾಡೋದು 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡುಗಳು. ಜಿಯೋ ಆದರೆ ಬ್ಯಾಂಡ್ 5, ಏರ್‌ಟೆಲ್ ಆದರೆ ಬ್ಯಾಂಡ್ 8. ಎಪಿಎನ್ (ನೆಟ್ ಜೋಡಿಸಲು ಸಿಮ್ ಕಂಪನಿ ಇಟ್ಟಿರುವ ಹೆಸರು) ತಾನಾಗಿ ಬರದಿದ್ದರೆ ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್ ಅಂತ ನೀವೇ ಬರೆಯಿರಿ. ಐಪಿ ಆರಿಸುವಲ್ಲಿ ವಿ4, ವಿ6 ಎರಡೂ ಇರಲಿ.

ಬ್ಯಾಂಕಿನ ಓಟಿಪಿ ಬರುವ ನಂಬರಿನ ಸಿಮ್ಮನ್ನು ಮಾತ್ರ ಇದಕ್ಕೆ ಹಾಕಬೇಡಿ. ಕರೆ ಬರಲ್ಲ, ಮೆಸೇಜ್ ಬಂದರೂ ಕಮಾಂಡ್ ಹೊಡೆದು ಓದಬೇಕು. ಗ್ಯಾಸ್ ಡೆಲಿವರಿ ಹುಡುಗ ಅಂಗಳದಲ್ಲಿ ಕೋಡ್ ಕೇಳುತ್ತಾ ನಿಂತಿದ್ದಾಗ ನಾನು ಅಟ್ಟದ ಮೇಲೆ ಟರ್ಮಿನಲ್ ತೆರೆಯುತ್ತಿದ್ದೆ.

ಅಂಗಡಿಗೆ ಹೋಗುವವರು ಒಂದು ಪೆನ್‌ಡ್ರೈವಿನಲ್ಲಿ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೇ ಓಡಿಸುವಂಥದ್ದು) ಹಾಕಿಕೊಂಡು ಹೋಗಿ. ಸೀದಾ ಅದರಿಂದ ಬೂಟ್ ಮಾಡಿಸಿ, ಅಲ್ಲೇ ಎಲ್‌ಎಸ್‌ಯುಎಸ್‌ಬಿ, ಎಲ್‌ಎಸ್‌ಪಿಸಿಐ, ಎಂಎಂಸಿಎಲ್‌ಐ ಮೂರನ್ನೂ ಹೊಡೆಯಿರಿ. ನಿಮ್ಮ ಸಿಮ್ ಹಾಕಿ ನಿಜಕ್ಕೂ ನೆಟ್ ಬರುತ್ತದಾ ನೋಡಿ. ಮುಚ್ಚಳ ಒಮ್ಮೆ ಮುಚ್ಚಿ ತೆರೆದು ಮತ್ತೆ ನೋಡಿ. ಅಂಗಡಿಯವರು ಪೆನ್‌ಡ್ರೈವ್ ಹಾಕಲು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ, ಎಸ್‌ಪಿ ರಸ್ತೆಯಲ್ಲಿ ಅಂಗಡಿಗೇನು ಬರವೇ?

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಒಪ್ಪಿಕೊಳ್ಳಬೇಕು. ಹಳೇ ಆಂಡ್ರಾಯ್ಡ್ ಫೋನಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ಸಾಮಾನ್ಯ ವೈರ್ ನೆಟ್ ಅಂತಲೇ ತಗೊಳ್ಳುತ್ತದೆ. ಡ್ರೈವರ್ ಬೇಡ, ಬೀಗ ಇಲ್ಲ, ಫೋನಿನ ಚಾರ್ಜೂ ಲ್ಯಾಪ್‌ಟಾಪಿಂದಲೇ. ನನಗೆ ಇದು ಮೊದಲೇ ಗೊತ್ತಿತ್ತು, ಅದೇ ಬೇಜಾರು.

ಎರಡು ಮೋಡೆಮ್ ನನ್ನ ಡ್ರಾಯರಿನಲ್ಲಿ ಬಿದ್ದಿವೆ. 1802 ಅಂದದ್ದು ಪಟ್ಟಿಯ ಕಾಟ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ನಡೆಯಬೇಕು, ಅರ್ಧ ಬೆಲೆಗೆ ಕೊಡುತ್ತೇನೆ. 7360 ಬೇಕಾದವರಿಗೆ ಪುಕ್ಕಟೆ, ವಿಂಡೋಸ್ ಬಳಸುವವರಿಗೆ ಮಾತ್ರ. ಲಿನಕ್ಸ್‌ನವರು ಎಷ್ಟು ಕೇಳಿದರೂ ಕೊಡಲ್ಲ.