‘ಸೌಂಡ್‌ಬೋರ್ಡ್, ಎ ಪ್ಲಸ್’ ಅಂತ ಬರೆದಿದ್ದರೆ ನಂಬಬೇಡಿ, ಮೊದಲು ಕಿವಿಯಿಂದ ಕೇಳಿ

ಹಳೇ ರಾಕ್ ಕಾನ್ಸರ್ಟ್‌ಗಳ ಬೂಟ್‌ಲೆಗ್ (ಅನುಮತಿ ಇಲ್ಲದೆ ಹೊರಗೆ ಬಂದ) ರೆಕಾರ್ಡಿಂಗ್ ಹುಡುಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೀ ದುಡ್ಡು ಹೋಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಒಂದು ಸುಳ್ಳು ಲೇಬಲ್ ನಂಬಿ, ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ಒಳ್ಳೇ ಟೇಪನ್ನು ನಾನೇ ಕೈಯಾರೆ ಎಸೆದೆ. ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಲೆಡ್ ಝೆಪ್ಲಿನ್ ಬ್ಯಾಂಡ್ 1977ರಲ್ಲಿ ಅಮೆರಿಕಾ ಪ್ರವಾಸ ಮಾಡಿತಲ್ಲ, ಅದರ ಒಂದು ಶೋ ಅದು. ಹತ್ತಿರ ಹತ್ತಿರ ಮೂರು ಗಂಟೆ. ಯಾರೋ ಜನರ ನಡುವೆ ಕೂತು ರೆಕಾರ್ಡ್ ಮಾಡಿದ್ದು, ಕೈಯಿಂದ ಕೈಗೆ ಕಾಪಿ ಆಗುತ್ತಾ 90 ನಿಮಿಷದ ಎರಡು ಕ್ಯಾಸೆಟ್‌ಗಳಲ್ಲಿ ನನಗೆ ಬಂದಿತ್ತು. ಹಿಸ್ (ಟೇಪಿನದೇ ಆದ ಸುಯ್ ಅನ್ನುವ ಸದ್ದು) ಇತ್ತು, ಜಾಸ್ತೀನೇ ಇತ್ತು. ಮೊದಲ ಹಾಡಿನಲ್ಲಿ ಬಾಸ್ ಒಡೆದು ಹೋಗಿತ್ತು, ಎರಡನೆಯದಕ್ಕೆ ಬರುವಷ್ಟರಲ್ಲಿ ರೆಕಾರ್ಡ್ ಮಾಡಿದವನು ಲೆವೆಲ್ ಇಳಿಸಿದ್ದು ಗೊತ್ತಾಗುತ್ತಿತ್ತು. ಮೈಕ್ ಪಕ್ಕದಲ್ಲೇ ಕೂತಿದ್ದ ಒಬ್ಬ ಆಗಾಗ ಎರಡು ಸಲ ಸಿಳ್ಳೆ ಹೊಡೆಯುತ್ತಿದ್ದ, ಒಂದು ಉದ್ದ, ಒಂದು ಗಿಡ್ಡ. ಆದರೆ ಡ್ರಮ್ ಮೇಲೆ ಏಟು ಬಿದ್ದಾಗ ಆ ದೊಡ್ಡ ಹಾಲ್ ಪೂರ್ತಿ ಮೊಳಗುತ್ತಿತ್ತು. ಕಣ್ಣು ಮುಚ್ಚಿದರೆ ಅಲ್ಲೇ ಕೂತ ಹಾಗೆ.

ಹೀಗಿರುವಾಗ ಒಬ್ಬ ಮಾರಾಟಗಾರ ಸಿಕ್ಕ. ಇದೇ ಶೋ, ಸೌಂಡ್‌ಬೋರ್ಡ್ (ಶೋನ ಸೌಂಡ್ ಮಿಕ್ಸರ್‌ನಿಂದಲೇ ರೆಕಾರ್ಡ್ ಮಾಡಿದ್ದು), ಎ ಪ್ಲಸ್ ಕ್ವಾಲಿಟಿ, ಹಿಸ್ ಪೂರ್ತಿ ತೆಗೆದಿದೆ ಅಂತ ಹಾಕಿದ್ದ. ಆ ಪ್ರವಾಸದ ಕೆಲವು ಶೋಗಳ ಸೌಂಡ್‌ಬೋರ್ಡ್ ಟೇಪುಗಳು ನಿಜಕ್ಕೂ ಹೊರಗೆ ಬಂದಿವೆ. ಹಾಗಾಗಿ ಇರಬಹುದು ಅನ್ನಿಸಿತು. ಸ್ಯಾಂಪಲ್ ಕೇಳಿದೆ. 40 ಸೆಕೆಂಡಿನ ಒಂದು ತುಣುಕು ಕಳಿಸಿದ. ಶೋ ಮಧ್ಯೆ ಎಲ್ಲರೂ ಕೂತು ಮೆಲ್ಲಗೆ ನುಡಿಸುವ ಅಕೂಸ್ಟಿಕ್ (ಎಲೆಕ್ಟ್ರಿಕ್ ಗಿಟಾರ್ ಇಲ್ಲದ) ಭಾಗದ್ದು. ತುಂಬಾ ಚೆನ್ನಾಗಿತ್ತು. ‘ಇದಕ್ಕಿಂತ ಒಳ್ಳೇ ಕಾಪಿ ನಿಮಗೆ ಎಲ್ಲೂ ಸಿಗಲ್ಲ ಸರ್’ ಅಂದ. ದುಡ್ಡು ಕಳಿಸಿದೆ.

ಮೂರು ಡಿಸ್ಕ್ ಬಂತು, ಚೆಂದದ ಕವರ್, ಒಳಗೆ ಫೋಟೋ. ಸಣ್ಣ ಸ್ಪೀಕರ್‌ನಲ್ಲಿ ಹಾಕಿ, ಬೇರೆ ಕೆಲಸ ಮಾಡುತ್ತಾ ಕೇಳಿದೆ. ಹಿಸ್ ಒಂಚೂರೂ ಇಲ್ಲ. ಖುಷಿಯಾಯಿತು. ಅದೇ ವಾರ ಮನೆ ಬದಲಾಯಿಸುವುದಿತ್ತು. ಇನ್ನು ಇದನ್ನು ಯಾಕೆ ಹೊತ್ತುಕೊಂಡು ಹೋಗಬೇಕು ಅಂತ ಆ ಎರಡು ಕ್ಯಾಸೆಟ್‌ಗಳನ್ನು ಕಸಕ್ಕೆ ಹಾಕಿದೆ.

ಹೊಸ ಮನೆಯಲ್ಲಿ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಸಮಾಧಾನವಾಗಿ ಕೂತೆ. ಮೂರನೇ ಹಾಡಿಗೆ ಬರುವಷ್ಟರಲ್ಲಿ ಏನೋ ಸರಿ ಇಲ್ಲ ಅನ್ನಿಸಿತು. ಸಿಂಬಲ್ (ಡ್ರಮ್ ಜೊತೆ ಇರುವ ಲೋಹದ ತಟ್ಟೆ) ಹೊಡೆದರೆ ಅದರ ಸದ್ದು ನಿಧಾನಕ್ಕೆ ಕರಗುತ್ತಾ ಹೋಗಬೇಕು ಅಲ್ವಾ? ಇಲ್ಲಿ ಹಾಗೆ ಆಗುತ್ತಿರಲಿಲ್ಲ. ಹೊಡೆದ ಕೂಡಲೇ ನೀರೊಳಗೆ ಮುಳುಗಿಸಿದ ಹಾಗೆ ಗುಳುಗುಳು ಅಂದು, ಅಲ್ಲಿಗೇ ಕತ್ತರಿಸಿದಂತೆ ನಿಂತು ಹೋಗುತ್ತಿತ್ತು. ಚಪ್ಪಾಳೆಯೂ ಅಷ್ಟೇ, ಸಾವಿರಾರು ಜನರ ಕೈ ಸದ್ದು ಎಣ್ಣೆಯಲ್ಲಿ ಏನೋ ಕರಿದ ಹಾಗೆ ಕೇಳುತ್ತಿತ್ತು. ಎರಡು ಹಾಡಿನ ನಡುವೆ ಸದ್ದು ಇಳಿದರೆ ಪೂರ್ತಿ ಕತ್ತಲು, ಹಾಲ್ ಇಲ್ಲ, ಗಾಳಿ ಇಲ್ಲ, ಜನ ಇಲ್ಲ. ಇಪ್ಪತ್ತು ನಿಮಿಷಕ್ಕೆ ಕಿವಿ ಸೋತು ಹೋಯಿತು. ಹಿಸ್ ಇದ್ದ ಕ್ಯಾಸೆಟ್ಟನ್ನು ಮೂರು ಗಂಟೆ ಕೇಳಿದರೂ ನನಗೆ ಹೀಗೆ ಆಗಿರಲಿಲ್ಲ.

ಆಮೇಲೆ ಆ ಸಿಳ್ಳೆ ಬಂತು. ಒಂದು ಉದ್ದ, ಒಂದು ಗಿಡ್ಡ. ತೆಳ್ಳಗಾಗಿತ್ತು, ಅರ್ಧ ಅಳಿಸಿದ ಹಾಗಿತ್ತು, ಆದರೆ ಅದೇ ಜಾಗ, ಅದೇ ಸಿಳ್ಳೆ. ಎದೆ ಧಸಕ್ ಅಂತು.

ಸೌಂಡ್‌ಬೋರ್ಡ್ ಅಂದರೆ ಮಿಕ್ಸರ್‌ನಿಂದ ನೇರವಾಗಿ ತಂತಿ ಎಳೆದು ಮಾಡಿದ ರೆಕಾರ್ಡಿಂಗ್. ಅದರಲ್ಲಿ ಜನರ ಗದ್ದಲ ಸ್ಟೇಜ್ ಮೈಕ್‌ಗಳಿಗೆ ದೂರದಿಂದ ಬಿದ್ದಷ್ಟು ಮಾತ್ರ ಇರುತ್ತದೆ. ಒಬ್ಬನೇ ಒಬ್ಬ ಕಿವಿ ಪಕ್ಕದಲ್ಲಿ ಸಿಳ್ಳೆ ಹೊಡೆಯುವುದು ಅದರಲ್ಲಿ ಬರಲು ಸಾಧ್ಯವೇ ಇಲ್ಲ. ಅಂದರೆ ನಾನು ದುಡ್ಡು ಕೊಟ್ಟು ತಗೊಂಡಿದ್ದು ನನ್ನ ಹತ್ತಿರ ಇದ್ದ ಅದೇ ಆಡಿಯನ್ಸ್ (ಜನರ ನಡುವೆ ಕೂತು ಮಾಡಿದ) ಟೇಪ್. ಸಾಫ್ಟ್‌ವೇರ್‌ನಲ್ಲಿ ಹಿಸ್ ಜೊತೆಗೆ ಸಂಗೀತವನ್ನೂ ಉಜ್ಜಿ ತೆಗೆದ ಟೇಪ್.

ನಾನೇ ತಪ್ಪು ತಿಳಿದಿರಬಹುದು ಅಂತ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಹಿಂದೆ ನನ್ನ ಕ್ಯಾಸೆಟ್‌ನಿಂದ ಅವನಿಗೊಂದು ಕಾಪಿ ಮಾಡಿಕೊಟ್ಟಿದ್ದೆ, ಅವನು ಇಟ್ಟುಕೊಂಡಿದ್ದ. ಎರಡನ್ನೂ ಒಟ್ಟಿಗೆ ಹಾಕಿ, ಒಂದೊಂದು ನಿಮಿಷ ಬದಲಾಯಿಸುತ್ತಾ ಕೇಳಿದೆವು. ಐದು ನಿಮಿಷಕ್ಕೇ ಅವನು ಅಂದ: ‘ಇದು ನಿನ್ನ ಟೇಪೇ ಕಣೋ. ಕೊಂದಿದ್ದಾರೆ ಅಷ್ಟೇ.’ ಟೇಪನ್ನು ಕಾಪಿ ಮಾಡಿದಷ್ಟೂ ಹಿಸ್ ಏರುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಅವನದು ನನ್ನದಕ್ಕಿಂತ ಒಂದು ತಲೆಮಾರು ಕೆಳಗಿನ ಕಾಪಿ. ಆದರೂ ಅದರಲ್ಲಿ ಸಿಂಬಲ್ ಸಿಂಬಲ್ ಹಾಗೇ ಕೇಳುತ್ತಿತ್ತು.

ಗೆಳೆಯ ಆ ಡಿಸ್ಕ್ ಜೊತೆ ಗಿಟಾರ್ ನುಡಿಸಲು ಹೋದ. ಶ್ರುತಿ ಕೂಡಲಿಲ್ಲ, ಹತ್ತಿರ ಹತ್ತಿರ ಅರ್ಧ ಸ್ವರ ಮೇಲಿತ್ತು. ಕ್ಯಾಸೆಟ್‌ಗೆ ಕೂಡಿತು. ಟೇಪನ್ನು ಕಂಪ್ಯೂಟರ್‌ಗೆ ಹಾಕುವಾಗ ಆ ಡಿಸ್ಕ್ ಮಾಡಿದವರ ಕ್ಯಾಸೆಟ್ ಡೆಕ್ ಜೋರಾಗಿ ಓಡಿದೆ, ಯಾರೂ ಗಮನಿಸಿಲ್ಲ. ಇದು ಬೇರೆ ಕಡೆಯೂ ಆಗುತ್ತದೆ. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದರೆ ಟೇಪ್ ನಿಧಾನಕ್ಕೆ ಓಡುತ್ತದೆ, ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಏರಿದ ಶ್ರುತಿಯಲ್ಲಿ ಕೇಳುತ್ತದೆ. ಹಾಡಿನಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಹಾಡುಗಾರ ನಡುವೆ ಜನರ ಜೊತೆ ಮಾತಾಡುತ್ತಾನಲ್ಲ, ಆ ಮಾತು ಕೇಳಿ. ದನಿ ತೆಳ್ಳಗೆ, ಆತುರದಲ್ಲಿ ಇದ್ದ ಹಾಗಿದ್ದರೆ ವೇಗ ತಪ್ಪಿದೆ.

ಇನ್ನು ಮೂಲದ ವಿಷಯ. ಸೌಂಡ್‌ಬೋರ್ಡ್ ಅಂದ ಕೂಡಲೇ ಒಳ್ಳೆಯದು, ಆಡಿಯನ್ಸ್ ಅಂದ ಕೂಡಲೇ ಕೆಟ್ಟದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಬಿದ್ದೆ. ನಿಜವಾದ ಸೌಂಡ್‌ಬೋರ್ಡ್ ಕೂಡ ಎಷ್ಟೋ ಸಲ ಒಣಗಿದ ಹಾಗಿರುತ್ತದೆ. ಸಣ್ಣ ಹಾಲ್‌ಗಳಲ್ಲಿ ಗಿಟಾರ್ ಆಂಪ್ ಮತ್ತು ಡ್ರಮ್ ತಮ್ಮಷ್ಟಕ್ಕೇ ಜೋರಾಗಿ ಕೇಳುವುದರಿಂದ ಮಿಕ್ಸರ್‌ಗೆ ಅವನ್ನು ಕಮ್ಮಿ ಕೊಡುತ್ತಾರೆ. ಹಾಗಾಗಿ ಆ ಟೇಪಿನಲ್ಲಿ ದನಿ ಮುಖಕ್ಕೇ ಬಂದು ಹೊಡೆಯುತ್ತದೆ, ಗಿಟಾರ್ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಆ ಕಡೆ ಮೈಕ್ ಮಿಲ್ಲರ್ಡ್ ಅಂತ ಒಬ್ಬರಿದ್ದರು. 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಫೋರಂ ಅನ್ನುವ ದೊಡ್ಡ ಹಾಲ್‌ನಲ್ಲಿ ಗಾಲಿಕುರ್ಚಿಯಲ್ಲಿ ಸಲಕರಣೆ ಬಚ್ಚಿಟ್ಟುಕೊಂಡು ಹೋಗಿ, ನಾಕಮಿಚಿ 550 ರೆಕಾರ್ಡರ್ ಮತ್ತು ಎಕೆಜಿ ಮೈಕ್ ಇಟ್ಟುಕೊಂಡು ರೆಕಾರ್ಡ್ ಮಾಡುತ್ತಿದ್ದರು. 1977ರ ಜೂನ್‌ನಲ್ಲಿ ಅವರು ಮಾಡಿದ ಝೆಪ್ಲಿನ್ ಟೇಪ್‌ಗಳನ್ನು ಒಮ್ಮೆ ಕೇಳಿ ನೋಡಿ. ಆಡಿಯನ್ಸ್ ರೆಕಾರ್ಡಿಂಗ್ ಅನ್ನುವುದನ್ನು ಬೈಗುಳದ ಹಾಗೆ ಬಳಸುವುದು ಅವತ್ತಿಗೇ ಬಿಡುತ್ತೀರಿ.

ಲೇಬಲ್ ಅಂತೂ ಹೇಗೂ ನಂಬುವ ವಸ್ತುವಲ್ಲ. ಹಾಡುಗಾರ ಬಾಬ್ ಡಿಲನ್ ಅವರ 1966ರ ಒಂದು ಶೋ ಲಂಡನ್ನಿನ ‘ರಾಯಲ್ ಆಲ್ಬರ್ಟ್ ಹಾಲ್’ ಅನ್ನುವ ಹೆಸರಲ್ಲೇ ವರ್ಷಗಟ್ಟಲೆ ಬೂಟ್‌ಲೆಗ್ ಆಗಿ ಓಡಾಡಿತು. ಅದು ನಡೆದಿದ್ದು ಲಂಡನ್‌ನಲ್ಲೇ ಅಲ್ಲ, ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ. 1998ರಲ್ಲಿ ಅವರ ರೆಕಾರ್ಡ್ ಕಂಪನಿಯೇ ಅಧಿಕೃತವಾಗಿ ಹೊರಗೆ ತಂದಿತು. ಅಷ್ಟು ಹೆಸರಾದ ಟೇಪಿನಲ್ಲೇ ಊರು ತಪ್ಪಿತ್ತು. ಇನ್ನು ಯಾರೋ ಕೊಟ್ಟ ಎ ಪ್ಲಸ್‌ಗೆ ಏನು ಬೆಲೆ? ಆ ಗ್ರೇಡ್ ಕೂಡ ಅದೇ ಕಾಲದ ಬೇರೆ ಆಡಿಯನ್ಸ್ ಟೇಪ್‌ಗಳ ಪಕ್ಕ ಇಟ್ಟು ಕೊಟ್ಟದ್ದೋ, ಸ್ಟುಡಿಯೋ ಆಲ್ಬಂ ಪಕ್ಕ ಇಟ್ಟು ಕೊಟ್ಟದ್ದೋ ಯಾರೂ ಹೇಳುವುದಿಲ್ಲ.

ಫೈಲ್ ವಿಷಯಕ್ಕೆ ಬಂದರೆ, ಫ್ಲಾಕ್ (ಸದ್ದಿನಲ್ಲಿ ಏನೂ ಕಳೆಯದೆ ಇಡುವ ಫೈಲ್) ಅಂತ ಇದ್ದ ಮಾತ್ರಕ್ಕೆ ಸಮಾಧಾನ ಪಡಬೇಡಿ. ಎಂಪಿ3ಯನ್ನು ಫ್ಲಾಕ್ ಮಾಡಲು ಒಂದು ನಿಮಿಷ ಸಾಕು, ಆದರೆ ಎಂಪಿ3 ಮಾಡುವಾಗ ಒಮ್ಮೆ ಹೋದದ್ದು ವಾಪಸ್ ಬರುವುದಿಲ್ಲ. ಸ್ಪೆಕ್ಟ್ರೋಗ್ರಾಮ್ (ಕೆಳಗಿನಿಂದ ಮೇಲಿನವರೆಗೆ ಯಾವ ಸ್ವರ ಎಷ್ಟಿದೆ ಅನ್ನುವ ಚಿತ್ರ) ತೋರಿಸುವ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿವೆ, ಅದರಲ್ಲಿ ಹಾಕಿ ನೋಡಿ. 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ ಕಾಣುತ್ತದೆ, ಅದರ ಮೇಲೆ ಏನೂ ಇರುವುದಿಲ್ಲ. ನನ್ನ ಮೂರೂ ಡಿಸ್ಕ್‌ಗಳು ಹೀಗೇ ಇದ್ದವು. ಕ್ಯಾಸೆಟ್‌ನಲ್ಲೂ ಮೇಲಿನ ಭಾಗ ಕಮ್ಮಿ ಇರುತ್ತದೆ, ಆದರೆ ಅದು ಇಳಿಜಾರಿನ ಹಾಗೆ ನಿಧಾನಕ್ಕೆ ಇಳಿಯುತ್ತದೆ, ಮೇಲೆಲ್ಲ ಹಿಸ್ ತುಂಬಿಕೊಂಡಿರುತ್ತದೆ. ಒಂದು ಎಚ್ಚರಿಕೆ: ರೇಡಿಯೋದಿಂದ ಹಿಡಿದ ಶೋ ಆಗಿದ್ದರೆ ಗೆರೆ ನೋಡಿ ಗಾಬರಿಯಾಗಬೇಡಿ. ಎಫ್‌ಎಂ ಪ್ರಸಾರ 15 ಕಿಲೋಹರ್ಟ್ಸ್‌ವರೆಗೆ ಮಾತ್ರ ಕಳಿಸುತ್ತದೆ, ಸ್ಟೀರಿಯೋ ಪೈಲಟ್ ಟೋನ್ (ಸ್ಟೀರಿಯೋ ಇದೆ ಅಂತ ರೇಡಿಯೋಗೆ ತಿಳಿಸುವ ಸಂಕೇತ) 19 ಕಿಲೋಹರ್ಟ್ಸ್‌ನಲ್ಲಿ ಒಂದು ತೆಳು ಗೆರೆಯಾಗಿ ಕಾಣಬಹುದು. ಸುಮ್ನೆ ಗೆರೆ ನೋಡಿ ಒಳ್ಳೇ ಟೇಪನ್ನು ಕೆಟ್ಟದ್ದು ಅಂದುಬಿಡುವವರೂ ಇದ್ದಾರೆ, ಅದೂ ತಪ್ಪೇ.

ಸ್ಯಾಂಪಲ್ ಕೇಳುವಾಗ ಅವರು ಆರಿಸಿದ ತುಣುಕು ತಗೋಬೇಡಿ. ಯಾವ ನಿಮಿಷ ಬೇಕು ಅಂತ ನೀವೇ ಹೇಳಿ. ಅಕೂಸ್ಟಿಕ್ ಹಾಡು ಯಾವ ಟೇಪಿನಲ್ಲೂ ಚೆನ್ನಾಗೇ ಕೇಳುತ್ತದೆ. ಅತಿ ಜೋರಾದ ಹಾಡಿನ ಮಧ್ಯದ ಎರಡು ನಿಮಿಷ ಕೇಳಿ. ಆಮೇಲೆ ಶೋ ಶುರುವಾದ ಮೊದಲ ಎರಡು ನಿಮಿಷ, ಲೆವೆಲ್ ಸರಿ ಇಲ್ಲದೆ ಒಡೆಯುವುದು ಅಲ್ಲೇ. ಇನ್ನೊಂದು, ಹಾಡು ಮುಗಿದು ಚಪ್ಪಾಳೆ ಇಳಿಯುವ ಜಾಗ. ಹಿಸ್ ತೆಗೆಯಲು ಹೋಗಿ ಹಾಳು ಮಾಡಿದ್ದರೆ ಅಲ್ಲಿ ಬಚ್ಚಿಡಲು ಆಗುವುದಿಲ್ಲ. ಒಳ್ಳೇ ಹೆಡ್‌ಫೋನ್‌ನಲ್ಲಿ, ಬೇರೇನೂ ಮಾಡದೆ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಅಷ್ಟಕ್ಕೂ ಇದಕ್ಕೆ ದುಡ್ಡು ಕೊಡಲೇಬಾರದಿತ್ತು. ಅದರಲ್ಲಿ ಒಂದು ಪೈಸೆಯೂ ಬ್ಯಾಂಡ್‌ಗೆ ಹೋಗುವುದಿಲ್ಲ, ಬಿಸಿಲಲ್ಲಿ ಸರದಿ ನಿಂತು ಮೈಕ್ ಹಿಡಿದವನಿಗೂ ಹೋಗುವುದಿಲ್ಲ. ಟೇಪ್ ಮಾಡುವವರ ನಡುವೆ ಮೊದಲಿಂದಲೂ ಇರುವ ಪದ್ಧತಿ ಕೊಟ್ಟು ತಗೊಳ್ಳುವುದು, ಮಾರುವುದಲ್ಲ. ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1984ರಿಂದ ರೆಕಾರ್ಡ್ ಮಾಡುವವರಿಗೆ ಅಂತಲೇ ಬೇರೆ ಜಾಗ ಕೊಡುತ್ತಿತ್ತು. ಅಂಥ ಟೇಪ್‌ಗಳ ಜೊತೆ ಯಾವ ಮೈಕ್, ಯಾವ ಮಷೀನ್, ಎಷ್ಟನೇ ಕಾಪಿ ಅಂತ ಒಂದು ಚೀಟಿ ಇರುತ್ತದೆ. ಆ ಚೀಟಿ ಇಲ್ಲದೆ ಬರೀ ಗ್ರೇಡ್ ಇದ್ದರೆ ಅನುಮಾನ ಪಡಿ.

ಮಾರಿದವನಿಗೆ ಎಲ್ಲ ವಿವರವಾಗಿ ಬರೆದೆ, ಸ್ಪೆಕ್ಟ್ರೋಗ್ರಾಮ್ ಕೂಡ ಕಳಿಸಿದೆ. ‘ನಿಮ್ಮ ಕಿವಿಗೆ ಹಾಗೆ ಕೇಳಿಸಿದೆ ಸರ್’ ಅಂತ ಒಂದು ಸಾಲು ಬಂತು. ಆಮೇಲೆ ಉತ್ತರವೇ ಇಲ್ಲ.

ಗೆಳೆಯನ ಕ್ಯಾಸೆಟ್‌ಗಳನ್ನು ಈಗ ಕಂಪ್ಯೂಟರ್‌ಗೆ ಹಾಕಿಟ್ಟಿದ್ದೇನೆ, ಹಿಸ್ ಮುಟ್ಟಿಲ್ಲ, ಸಿಳ್ಳೆ ಮುಟ್ಟಿಲ್ಲ. ಆದರೆ ಅವನಿಗೆ ಕಾಪಿ ಮಾಡುವಾಗ ಎರಡನೇ ಟೇಪ್ ಸ್ವಲ್ಪ ಗಿಡ್ಡವಿತ್ತು. ಕೊನೆಯ ಹಾಡು ಅರ್ಧಕ್ಕೇ ಕಟ್ ಆಗಿದೆ. ಆ ಉಳಿದ ನಾಲ್ಕೈದು ನಿಮಿಷ ನನ್ನ ಹತ್ತಿರ ಈಗ ಆ ಮೂರನೇ ಡಿಸ್ಕ್‌ನಲ್ಲಿ ಮಾತ್ರ ಇದೆ, ನೀರಲ್ಲಿ ಮುಳುಗಿಸಿದ ಸಿಂಬಲ್ ಜೊತೆ. ಆ ಪ್ರವಾಸದ ಆಡಿಯನ್ಸ್ ಕ್ಯಾಸೆಟ್ ಯಾರ ಹತ್ತಿರವಾದರೂ ಇದ್ದು, ಅದರಲ್ಲಿ ಒಂದು ಉದ್ದ ಒಂದು ಗಿಡ್ಡ ಸಿಳ್ಳೆ ಕೇಳಿದರೆ ದಯವಿಟ್ಟು ತಿಳಿಸಿ. ಹಿಸ್ ಎಷ್ಟಿದ್ದರೂ ಪರವಾಗಿಲ್ಲ.