ಬಂಗಾರಪೇಟೆ ಅಡುಗೆಮನೆಯಲ್ಲಿ ಓಟಿಜಿ: ನಾಲ್ಕೈದು ವರ್ಷ ಬಳಸಿದ ಮೇಲೆ

ಕೇಕ್ ಮಾಡೋಕೆ ಅಂತ ತಗೊಂಡ 28 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಸೇರಿರೋ ಕರೆಂಟ್ ಒಲೆ) ಇದು. ಈಗ ಕೇಕ್ ಏನಿದ್ದರೂ ಹುಟ್ಟುಹಬ್ಬಕ್ಕೆ ಮಾತ್ರ. ಉಳಿದಂತೆ ಅತ್ತೆಯವರ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ರಾಗಿ ಬಿಸ್ಕತ್ತಿನದೇ ಕಾರುಬಾರು. ಆ ಲೆಕ್ಕದಲ್ಲಿ ದುಡ್ಡು ದಂಡವಾಗಿಲ್ಲ.

ಮೊದಲೆಲ್ಲ ಮೈದಾ, ಸಕ್ಕರೆ, ಡಾಲ್ಡಾ ಬೇಕರಿಗೆ ಕೊಟ್ಟು ತಗಡಿನ ಡಬ್ಬದ ತುಂಬ ಬಿಸ್ಕತ್ತು ಮಾಡಿಸ್ಕೊಂಡು ಬರ್ತಿದ್ರು. ಮನೆಯಲ್ಲಾದರೆ ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಹರಡೋದು. ಓಟಿಜಿ ಮಾಡೋದೂ ಅಷ್ಟೇ: ಮೇಲೊಂದು ಕಾವು, ಕೆಳಗೊಂದು ಕಾವು. ಹಾಗಾಗಿ ಅತ್ತೆಗೆ ನಾನೇನೂ ಹೇಳಿಕೊಡಬೇಕಾಗಲಿಲ್ಲ. "ಕೆಳಗಡೆ ಉರಿ ಜಾಸ್ತಿ ಆಯ್ತು ಕಣಮ್ಮ, ತಟ್ಟೆ ಒಂದು ಮೆಟ್ಲು ಮೇಲಕ್ಕಿಡು" ಅಂತ ಅವರೇ ನನಗೆ ಹೇಳಿದರು. ಕಂಪನಿಯ ಪುಸ್ತಕದಲ್ಲಿ ಈ ಮಾತಿಲ್ಲ.

ಅವರ ಅಳತೆಯೆಲ್ಲ ಪಾವು, ಚಟಾಕು, ಇಲ್ಲವೇ "ಕೈಗೆ ಅಂಟದ ಹಾಗೆ". ಮನೆ ಬೆಣ್ಣೆಯಲ್ಲಿ ನೀರಿನಂಶ ಅಂಗಡಿ ಬೆಣ್ಣೆಗಿಂತ ಜಾಸ್ತಿ. ಮಜ್ಜಿಗೆ ಪೂರ್ತಿ ಹೋಗೋವರೆಗೂ ತೊಳೆದು, ಹಿಂಡಿ ಹಾಕಿದರೇನೇ ಬಿಸ್ಕತ್ತು ಗರಿಯಾಗೋದು. ಖಾರಾ ಬಿಸ್ಕತ್ತಿಗೆ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹೆಚ್ಚಿ ಒರೆಸಿ ಹಾಕೋದೂ ಇದೇ ಕಾರಣಕ್ಕೆ. ರಾಗಿಯದು ಬೇರೆ ತಕರಾರು. ಅದರಲ್ಲಿ ಹಿಟ್ಟನ್ನ ಹಿಡಿದಿಡೋ ಗ್ಲುಟೆನ್ ಅನ್ನೋ ಅಂಟಿನಂಶ ಇಲ್ಲ, ಮುಟ್ಟಿದರೆ ಪುಡಿ. ಮೂರು ಪಾಲು ಹುರಿದ ರಾಗಿ ಹಿಟ್ಟಿಗೆ ಒಂದು ಪಾಲು ಗೋಧಿ ಹಿಟ್ಟು, ಪುಡಿ ಬೆಲ್ಲ, ತುಪ್ಪ, ಏಲಕ್ಕಿ. ಕಲಸೋಕೆ ಒಂಚೂರು ಹಾಲು. 160 ಡಿಗ್ರಿಯಲ್ಲಿ ಹದಿನೆಂಟು ಇಪ್ಪತ್ತು ನಿಮಿಷ. ಮೊದಲೇ ಕಂದು ಹಿಟ್ಟು, ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳೋಕಾಗಲ್ಲ, ಮೂಗನ್ನೇ ನಂಬಬೇಕು. ತೆಗೆದಾಗ ಮೆತ್ತಗಿರುತ್ತೆ, ಆರಿದ ಮೇಲೆ ಗರಿ ಬರುತ್ತೆ.

ಕಡಲೆಕಾಯಿ ಬೀಜ ಹುರಿಯೋಕಂತೂ ಇದಕ್ಕಿಂತ ಒಳ್ಳೇದಿಲ್ಲ. ಚಟ್ನಿಪುಡಿಗೆ ಕೇಜಿಗಟ್ಟಲೆ ಒಂದೇ ಹದದಲ್ಲಿ ಹುರಿದು ಬರುತ್ತೆ. ಬದನೆಕಾಯಿ ಸುಡೋಕೆ ಮಾತ್ರ ದಂಡ: ಬೇಯುತ್ತೆ, ಆದರೆ ಗೊಜ್ಜಿಗೆ ಬೇಕಾದ ಹೊಗೆ ವಾಸನೆ ಇಲ್ಲ. ನಿಪ್ಪಟ್ಟನ್ನೂ ಎಣ್ಣೆಯಿಲ್ಲದೆ ಮಾಡಬಹುದಂತೆ. ಆಗೋದು ಒಣ ರೊಟ್ಟಿ.

ಕೊರತೆಗಳೂ ಇವೆ. ಗುಂಡಿ 180 ತೋರಿಸಿದರೆ ಒಳಗೆ 200ರ ಹತ್ತಿರ ಇರುತ್ತೆ, ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ಹಿಂದಿನ ಎಡ ಮೂಲೆ ಬೇಗ ಕೆಂಪಾಗುತ್ತೆ, ಅರ್ಧದಲ್ಲಿ ಟ್ರೇ ತಿರುಗಿಸಲೇಬೇಕು. ಬಾಗಿಲಿನ ಗಾಜು ಹೊರಗೂ ಸುಡುತ್ತೆ, ಮಕ್ಕಳಿರೋ ಮನೆಯವರು ಎತ್ತರದಲ್ಲಿಡಿ. ಟೈಮರ್ ಗಂಟೆ ಕೆಟ್ಟಾಗ ಬಿಡಿಭಾಗಕ್ಕೆ ಬೆಂಗಳೂರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಈಗ ಮೊಬೈಲಲ್ಲೇ ಅಲಾರಂ.

ಇದು 1500 ವ್ಯಾಟಿನದು. ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್ ದಾಟಲ್ಲ, ಬಿಲ್ಲಿನ ಚಿಂತೆ ಬೇಡ. ಚಿಂತೆ ಕರೆಂಟಿನದು. ಶಿವನಸಮುದ್ರದ ಕರೆಂಟು 1902ರಲ್ಲೇ ಪಕ್ಕದ ಕೆಜಿಎಫ್ ಗಣಿಗೆ ಬಂದಿತ್ತು. ನಮ್ಮ ಬೀದಿಯಲ್ಲಿ ಇವತ್ತಿಗೂ ಬಿಸ್ಕತ್ತು ಅರ್ಧ ಬೆಂದಾಗಲೇ ಹೋಗುತ್ತೆ! ಆಗ ಬಾಗಿಲು ತೆಗೀಬೇಡಿ. ಹತ್ತು ನಿಮಿಷದೊಳಗೆ ವಾಪಸ್ ಬಂದರೆ ಏನೂ ಆಗಲ್ಲ. ಕೇಕ್ ಆದರೆ ಕುಸಿದೇ ಹೋಗುತ್ತೆ.

ಬರೀ ಕೇಕಿಗೆ ಅಂತಾದರೆ ಕುಕ್ಕರೇ ಸಾಕು, ತಗೋಬೇಡಿ. ಬಿಸ್ಕತ್ತಿಗಾದರೆ ಇದಕ್ಕಿಂತ ಚಿಕ್ಕದು ಬೇಡ, ಜೊತೆಗೆ ಇನ್ನೊಂದು ಟ್ರೇ ತಗೊಳ್ಳಿ: ಒಂದು ಒಳಗೆ ಬೇಯ್ತಿದ್ದರೆ ಇನ್ನೊಂದರಲ್ಲಿ ಜೋಡಿಸ್ತಿರಬಹುದು. 16 ಆಂಪ್ ಸಾಕೆಟ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.