ಮಠದ ಪತ್ರ ಇತ್ತು, ಆದರೂ ಮದುವೆ ನೋಂದಣಿಗೆ ಹುಬ್ಬಳ್ಳಿಗೆ ಹೋದೆವು

ತಂಗಿಯ ಮದುವೆ ನೋಂದಣಿ ಹುಬ್ಬಳ್ಳಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ನನ್ನ ಕಡೆಯಿಂದ ಪೂರ್ತಿ ಐದು ಸ್ಟಾರ್. ಯಾಕೆ ಅಂದ್ರೆ, ಇದಕ್ಕೂ ಮುಂಚೆ ಬೇರೆ ಕಡೆ ಎರಡು ದಿನ ಸುಮ್ನೆ ಅಲೆದಿದ್ದೆವು.

ಮದುವೆ ಆಗಿದ್ದು ಗದಗ ಕಡೆಯ ಒಂದು ಮಠದ ಸಾಮೂಹಿಕ ವಿವಾಹದಲ್ಲಿ. ಸ್ವಾಮಿಗಳ ಸಹಿ, ಮಠದ ಮುದ್ರೆ ಇರುವ ಪತ್ರ ಕೊಟ್ಟಿದ್ದರು. ಅವ್ವ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ದೇವರ ಜಗಲಿ ಮೇಲೆ ಇಟ್ಟಿದ್ದಳು. ತಂಗಿಯ ಗಂಡ ದುಬೈನಲ್ಲಿದ್ದಾನೆ. ಹೆಂಡತಿಗೆ ವೀಸಾ ಮಾಡಿಸೋಕೆ ಸರ್ಕಾರದ ಪ್ರಮಾಣಪತ್ರವೇ ಬೇಕು, ಇದು ನಡೆಯಲ್ಲ ಅಂದರು. "ಗುರುಗಳು ಕೊಟ್ಟಿದ್ದಕ್ಕಿಂತ ದೊಡ್ಡದು ಏನೈತಿ?" ಅಂತ ಅವ್ವ ಬೇಜಾರು ಮಾಡಿಕೊಂಡಳು.

ಮೊದಲು ಹೋದ ಕಚೇರಿಯ ಹೆಸರು ಬೇಡ. ಅಲ್ಲಿದ್ದವರು ಆಲ್ಬಮ್ ತಿರುವಿ, ಸಪ್ತಪದಿ ಫೋಟೋ ಎಲ್ಲಿ ಅಂತ ಕೇಳಿದರು. ನಮ್ಮದು ಲಿಂಗಾಯತ ಮದುವೆ, ಅಗ್ನಿಕುಂಡವೇ ಇರಲಿಲ್ಲ. ತಾಳಿ ಕಟ್ಟುವ ಫೋಟೋ ಇತ್ತು, ಅಕ್ಕಿಕಾಳು ಬಿದ್ದು ತಂಗಿ ಕಣ್ಣು ಮುಚ್ಚಿಕೊಂಡಿದ್ದ ಫೋಟೋ ಇತ್ತು. ಹಾಗಾದರೆ ದೇವಸ್ಥಾನದ ಪತ್ರ ತನ್ನಿ ಅಂದರು. ಮಠದ್ದು ತೋರಿಸಿದರೆ ಒಪ್ಪಲಿಲ್ಲ. ಆಮೇಲೆ ಪರಿಚಯದ ವಕೀಲರು ಹೇಳಿದ್ದು: 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಂನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದೆ. 7ನೇ ಕಲಂ ಪ್ರಕಾರ ಹುಡುಗ ಅಥವಾ ಹುಡುಗಿಯ ಕಡೆಯ ಪದ್ಧತಿಯಲ್ಲಿ ಮದುವೆ ಆಗಿದ್ದರೆ ಸಾಕು, ಸಪ್ತಪದಿ ಇರುವ ಪದ್ಧತಿಯವರಿಗೆ ಮಾತ್ರ ಸಪ್ತಪದಿ.

ಹುಡುಗನ ಮನೆ ಹುಬ್ಬಳ್ಳಿಯಲ್ಲೇ ಇರೋದರಿಂದ, ಅವನು ರಜೆಗೆ ಬಂದಾಗ ಅಲ್ಲಿಗೆ ಹೋದೆವು. ಮೇಜಿನ ಹಿಂದಿದ್ದ ಮೇಡಂ ಅದೇ ಅಕ್ಕಿಕಾಳಿನ ಫೋಟೋ ನೋಡಿ, "ನಿಮ್ಮ ಪದ್ಧತಿ ಪ್ರಕಾರ ಆಗೈತಲ್ರಿ, ಸಾಕು" ಅಂದರು. ವಯಸ್ಸಿನ ದಾಖಲೆ ನೋಡಿದರು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಿಗೂ ಮೊದಲು ಮದುವೆ ಆಗಿತ್ತಾ ಅಂತ ಕೇಳಿದರು. ಮೂರು ಸಾಕ್ಷಿ. ಕಾಕಾ ನಡುಗುವ ಕೈಯಲ್ಲಿ ಸಹಿ ಹಾಕೋವರೆಗೂ ಅವಸರ ಮಾಡದೆ ಪೆನ್ನಿನ ಮುಂದೆ ಬೆರಳಿಟ್ಟು ಜಾಗ ತೋರಿಸುತ್ತಿದ್ದರು. ಸರ್ಕಾರ ಕೇಳಬೇಕಾದ್ದು ಇಷ್ಟೇ ಅಲ್ವಾ? ಯಾವ ಗುರು, ಯಾವ ಮಂತ್ರ ಅನ್ನೋದು ಮನೆಯವರಿಗೆ ಬಿಟ್ಟದ್ದು.

ಅವ್ವನಿಗೂ ಇದನ್ನೇ ಹೇಳಿದೆ, ಮಠವನ್ನು ಯಾರೂ ಕೀಳು ಮಾಡಿಲ್ಲ ಅಂತ. ಪದ್ಧತಿ ಪ್ರಕಾರ ಮದುವೆಯೇ ಆಗದೆ ಬರೀ ನೋಂದಣಿ ಇದ್ದರೆ ಹಿಂದೂ ಮದುವೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನೋಂದಣಿ ಇಲ್ಲ ಅಂತ ಆದ ಮದುವೆ ಸುಳ್ಳಾಗೋದೂ ಇಲ್ಲ. ಕಾಗದ ಬೇಕಾಗೋದು ಸಾಬೀತು ಮಾಡೋಕೆ.

ಚರ್ಚಿನಲ್ಲಿ ಮದುವೆಯಾದ ನಮ್ಮ ಓಣಿಯವರಿಗೆ ಈ ಓಡಾಟ ಇರಲಿಲ್ಲ. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆ ಪ್ರಕಾರ ಪಾದ್ರಿಗಳೇ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಮಠಗಳಿಗೆ ಆ ಅಧಿಕಾರ ಬೇಕು ಅಂತ ನನಗೇನೂ ಅನಿಸಲ್ಲ, ಆದರೆ ಸಾಮೂಹಿಕ ವಿವಾಹದ ಪೆಂಡಾಲಿನಲ್ಲೇ ನೋಂದಣಿಗೆ ಒಂದು ಟೇಬಲ್ ಹಾಕಿಸಿದರೆ ಎಷ್ಟೋ ಬಡವರ ಬಸ್ ಚಾರ್ಜು, ಎರಡು ದಿನದ ಕೂಲಿ ಉಳಿಯುತ್ತೆ.

ಯಾವ ಶಾಸ್ತ್ರವೂ ಬೇಡ ಅನ್ನೋರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅಲ್ಲಿ 30 ದಿನ ನೋಟಿಸ್ ಹಚ್ಚುತ್ತಾರೆ. ವಯಸ್ಸಿಗೆ ಬಂದ ಇಬ್ಬರ ಹೆಸರು, ವಿಳಾಸ ಹಾಗೆ ಎಲ್ಲರ ಕಣ್ಣಿಗೆ ಬೀಳೋದು ನನಗಂತೂ ಸರಿ ಕಾಣಲ್ಲ.

ಹೋಗುವವರು ಆಧಾರ್‌ನಲ್ಲಿರುವ ಹೆಸರಿನ ಒಂದೊಂದು ಅಕ್ಷರ ನೋಡಿಕೊಳ್ಳಿ. ನಾವು ಕೊಟ್ಟ ಅರ್ಜಿಯಲ್ಲೇ ತಂಗಿ ಹೆಸರಿನ ಸ್ಪೆಲಿಂಗ್ ತಪ್ಪಿತ್ತು. ಪ್ರಿಂಟ್ ತೆಗೆಯೋ ಮುಂಚೆ ಮೇಡಂ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಓದಿಸಿದ್ದಕ್ಕೆ ಗೊತ್ತಾಯಿತು, ಅಲ್ಲೇ ತಿದ್ದಿಕೊಟ್ಟರು.